ಅಡಿಕೆ ತೋಟದಲ್ಲಿ ಹೋಂಸ್ಟೇ ಮಾಡುವ ಯೋಚನೆಯಾ? ಮೊದಲು ಬಾವಿ ನೋಡಿ

ಶಿರಸಿ, ಸಿದ್ದಾಪುರ, ಸಾಗರ, ತೀರ್ಥಹಳ್ಳಿ ಕಡೆ ಈಗ ಎಲ್ಲಿ ಹೋದರೂ ಹೋಂಸ್ಟೇ ಬೋರ್ಡು ಕಾಣುತ್ತದೆ. ಎಲೆಚುಕ್ಕಿ ರೋಗ ಬಂದು ಫಸಲು ಇಳಿದವರು, ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದ ಮಕ್ಕಳು, ದೊಡ್ಡ ಮನೆಯಲ್ಲಿ ಇಬ್ಬರೇ ಉಳಿದ ಅಪ್ಪ-ಅಮ್ಮ, ಎಲ್ಲರೂ ಇದರ ಬಗ್ಗೆ ಕೇಳುತ್ತಾರೆ. ಕೇಳುವ ಪ್ರಶ್ನೆ ಹೆಚ್ಚು ಕಡಿಮೆ ಒಂದೇ: ಎಷ್ಟು ರೂಮು ಕಟ್ಟಿಸಬೇಕು, ಎಷ್ಟು ಸಾಲ ಬೇಕಾಗುತ್ತದೆ?

ಆ ಪ್ರಶ್ನೆ ಆಮೇಲೆ. ಏಪ್ರಿಲ್ ಕೊನೆಯಲ್ಲಿ ನಿಮ್ಮ ಬಾವಿಯಲ್ಲಿ ಎಷ್ಟು ನೀರಿರುತ್ತದೆ? ಅಲ್ಲಿಂದ ಶುರು ಮಾಡೋಣ.

ನನ್ನ ಲೆಕ್ಕದಲ್ಲಿ ಹೋಂಸ್ಟೇ ಅಂದರೆ ತೋಟದ ಒಂದು ಉಪಬೆಳೆ, ಅಡಿಕೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯ ಹಾಗೆ. ಬಳ್ಳಿಯ ಆಸೆಗೆ ಮರವನ್ನೇ ಕಡೆಗಣಿಸಿದರೆ ಎರಡೂ ಹೋಗುತ್ತವೆ. ಎಷ್ಟು ಜನ ಬರಬಹುದು, ಯಾವಾಗ ಬರಬಹುದು, ಬಂದವರು ಎಲ್ಲಿಯವರೆಗೆ ಓಡಾಡಬಹುದು ಎಂಬುದನ್ನೆಲ್ಲ ತೋಟ, ಬೆಟ್ಟ, ಹಳ್ಳ ಹೇಳಬೇಕು. ಬ್ಯಾಂಕಿನ ಕಂತು ಹೇಳಬಾರದು.

ಮೊದಲ ಕೆಲಸ: ನೀರಿನ ಲೆಕ್ಕ

ನಮ್ಮಲ್ಲಿ ಮಳೆ ಸುರಿಯುತ್ತದೆ ನಿಜ. ಆದರೆ ಬೀಳುವ ಮಳೆಯಲ್ಲಿ ಬಹುಪಾಲು ನಾಲ್ಕು ತಿಂಗಳಲ್ಲೇ ಬಿದ್ದು, ಹಳ್ಳ ಹಿಡಿದು ಹೋಗಿಬಿಡುತ್ತದೆ. ಮಾರ್ಚ್ ಬಂತೆಂದರೆ ಪಂಪು ಗಾಳಿ ಎಳೆಯಲು ಶುರು ಮಾಡುವ ಊರುಗಳು ಮಲೆನಾಡಿನಲ್ಲಿ ಬೇಕಾದಷ್ಟಿವೆ. ಅದೇ ಹೊತ್ತಿಗೆ ಮಕ್ಕಳಿಗೆ ಬೇಸಿಗೆ ರಜ, ಅತಿಥಿಗಳು ಜಾಸ್ತಿ ಬರುವ ಕಾಲವೂ ಅದೇ.

ಬಾವಿ ಅಳೆಯಲು ಯಾವ ಯಂತ್ರವೂ ಬೇಡ. ಹಗ್ಗಕ್ಕೆ ಮೀಟರಿಗೊಂದು ಗಂಟು ಹಾಕಿ, ತುದಿಗೆ ಕಲ್ಲು ಕಟ್ಟಿ ಇಳಿಬಿಡಿ. 3 ಮೀಟರ್ ಅಗಲದ ದುಂಡು ಬಾವಿಯಾದರೆ ಪ್ರತಿ ಒಂದು ಮೀಟರ್ ಆಳಕ್ಕೆ ಸುಮಾರು 7,000 ಲೀಟರ್ ನೀರು. ಬೆಳಿಗ್ಗೆ ಒಂದು ಮೀಟರ್ ಇಳಿಯುವಷ್ಟು ಪಂಪು ಹೊಡೆದು ನಿಲ್ಲಿಸಿ, ಮತ್ತೆ ಮೊದಲಿನ ಮಟ್ಟಕ್ಕೆ ಬರಲು ಎಷ್ಟು ತಾಸು ಬೇಕು ಅಂತ ನೋಡಿ. 10 ತಾಸು ಹಿಡಿದರೆ ತಾಸಿಗೆ 700 ಲೀಟರ್ ಒರತೆ ಅಂತಾಯಿತು. ಇದನ್ನು ಜನವರಿಯಲ್ಲಿ ಮಾಡಿ ಖುಷಿಪಡಬೇಡಿ. ಏಪ್ರಿಲ್ ಕೊನೆಯಲ್ಲಿ ಮಾಡಿ, ಮೇ ಮಧ್ಯದಲ್ಲಿ ಮಳೆ ಬರದಿದ್ದರೆ ಇನ್ನೊಮ್ಮೆ ಮಾಡಿ.

ಈಗ ಖರ್ಚಿನ ಕಡೆ. ಹನಿ ನೀರಾವರಿಯಲ್ಲಿ ಒಂದು ಅಡಿಕೆ ಮರಕ್ಕೆ ಬೇಸಿಗೆಯಲ್ಲಿ ದಿನಕ್ಕೆ 16ರಿಂದ 20 ಲೀಟರ್ ಬೇಕು. ಎಕರೆಗೆ 550 ಮರ ಹಿಡಿದರೆ ಹತ್ತು ಸಾವಿರ ಲೀಟರ್ ಹತ್ತಿರ ಹೋಗುತ್ತದೆ. ಪೇಟೆಯಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಅಂತ ಲೆಕ್ಕ ಹಾಕುತ್ತಾರೆ. ಆ ಲೆಕ್ಕದಲ್ಲಿ ಆರು ಜನ ಅತಿಥಿಗಳಿಗೆ 800 ಲೀಟರ್ ಆಯಿತು, ಅಂದರೆ ನಲವತ್ತು ಮರದ ನೀರು. ಷವರ್ ತೆಗೆದು ಹಂಡೆ, ಬಕೆಟ್, ತಂಬಿಗೆ ಇಟ್ಟರೆ ಇದು ತುಂಬಾ ಇಳಿಯುತ್ತದೆ, ಮತ್ತೆ ಬಚ್ಚಲ ನೀರನ್ನು ಬಾಳೆಗೆ ಬಿಟ್ಟರೆ ಒಂದಷ್ಟು ಪಾಲು ವಾಪಸ್ ತೋಟಕ್ಕೇ ಬರುತ್ತದೆ. ಈಜುಕೊಳ, ರೇನ್ ಡ್ಯಾನ್ಸ್ ಬೇಡವೇ ಬೇಡ. ಪಕ್ಕದ ಮನೆಯವರು ಕೊಡಪಾನ ಹಿಡಿದು ನಡೆಯುವ ತಿಂಗಳಲ್ಲಿ ನಾವು ಕೊಳ ತುಂಬಿಸುತ್ತಿದ್ದರೆ ಅದು ಯಾವ ಪರಿಸರ ಪ್ರವಾಸ?

ಮಳೆನೀರು ಹಿಡಿಯುವುದು ಸುಲಭ. 100 ಚದರ ಮೀಟರ್ ಮಾಡಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 100 ಲೀಟರ್. ವರ್ಷಕ್ಕೆ 3,000 ಮಿಲಿಮೀಟರ್ ಬೀಳುವ ಊರಿನಲ್ಲಿ, ಚೆಲ್ಲಿದ್ದು ಬಿಟ್ಟರೂ ಎರಡೂವರೆ ಲಕ್ಷ ಲೀಟರ್ ಸಿಗುತ್ತದೆ. ಮೊದಲ ಒಂದೆರಡು ಮಳೆಯ ನೀರನ್ನು ಹೊರಗೆ ಬಿಟ್ಟು, ಮಾಡು ತೊಳೆದ ಮೇಲೆ ಜಲ್ಲಿ, ಇದ್ದಿಲು, ಮರಳಿನ ಸೋಸುಗುಂಡಿ ದಾಟಿಸಿ ಬಾವಿಗೆ ಬಿಡಿ. ಇಂಗುಗುಂಡಿಯನ್ನು ಮಾತ್ರ ಸಿಕ್ಕಸಿಕ್ಕಲ್ಲಿ ತೋಡಬೇಡಿ. ಮನೆಯ ಮೇಲ್ಭಾಗದ ಕಡಿದಾದ ಧರೆಯಲ್ಲಿ ನೀರು ಇಂಗಿಸಿದರೆ ಧರೆ ಕುಸಿಯಬಹುದು. ಸಮತಟ್ಟು ಜಾಗದಲ್ಲಿ, ಬೆಟ್ಟದ ಬುಡದ ಇಳಿಜಾರು ಕಡಿಮೆ ಇರುವಲ್ಲಿ ತೋಡಿ.

ಕಟ್ಟುವ ಮುಂಚೆ, ಇರುವುದನ್ನು ನೋಡಿ

ನಮ್ಮ ಹಳೇ ಮನೆಗಳಲ್ಲಿ ಮೆತ್ತು (ಮಹಡಿ) ಖಾಲಿ ಬಿದ್ದಿರುತ್ತದೆ. ದನ ಕಡಿಮೆಯಾದ ಮೇಲೆ ಕೊಟ್ಟಿಗೆಯ ಅರ್ಧವೂ ಖಾಲಿ. ಮಣ್ಣಿನ ಗೋಡೆ, ಹಂಚಿನ ಮಾಡು ಇರುವ ಒಂದು ಕೋಣೆಯನ್ನು ಸರಿ ಮಾಡಿ, ಪಕ್ಕಕ್ಕೆ ಒಂದು ಒಳ್ಳೆಯ ಬಚ್ಚಲು-ಶೌಚಾಲಯ ಕಟ್ಟಿದರೆ ಎ.ಸಿ. ಬೇಡ, ಗುಡ್ಡ ಕಡಿಯುವುದೂ ಬೇಡ. ಎರಡು ಕೋಣೆಯಿಂದ ಶುರು ಮಾಡಿ, ಎರಡು ಮಳೆಗಾಲ ಎರಡು ಬೇಸಿಗೆ ಕಳೆಯಲಿ. ಮೂರನೆಯದು ಬೇಕೋ ಬೇಡವೋ ಅಂತ ಅಷ್ಟು ಹೊತ್ತಿಗೆ ನಿಮಗೇ ಗೊತ್ತಾಗಿರುತ್ತದೆ.

ವ್ಯೂ ಚೆನ್ನಾಗಿದೆ ಅಂತ ಜೆಸಿಬಿ ತಂದು ಗುಡ್ಡದ ಹೊಟ್ಟೆ ಬಗೆದು ಕಾಟೇಜು ಕಟ್ಟುವವರಿಗೆ ಒಂದು ಮಾತು. ಕಡಿದ ಗುಡ್ಡ ಜೋರು ಮಳೆಯಲ್ಲಿ ಏನು ಮಾಡುತ್ತದೆ ಎಂಬುದನ್ನು 2018ರಲ್ಲಿ ಕೊಡಗಿನಲ್ಲಿ, 2024ರಲ್ಲಿ ಅಂಕೋಲಾದ ಶಿರೂರಿನಲ್ಲಿ ನೋಡಿದ್ದೇವೆ. ದಯವಿಟ್ಟು ಬೇಡ.

ಇನ್ನೊಂದು ಮುಖ್ಯ ವಿಷಯ ಸೊಪ್ಪಿನ ಬೆಟ್ಟ. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಅಂತ ಬ್ರಿಟಿಷರ ಕಾಲದಿಂದ ಬಂದ ಸವಲತ್ತು ಇದೆಯಲ್ಲ, ಅದು ಸೊಪ್ಪು, ದರಕು (ಒಣಗಿ ಬಿದ್ದ ಎಲೆ) ತರುವ ಹಕ್ಕು. ಜಾಗದ ಒಡೆತನ ಅಲ್ಲ. ಅಲ್ಲಿ ಟೆಂಟು ಹಾಕುವುದು, ಕಾಟೇಜು ಕಟ್ಟುವುದು, ಜೀಪಿನ ದಾರಿ ಮಾಡುವುದು ಯಾವುದಕ್ಕೂ ಅವಕಾಶವಿಲ್ಲ. "ನಮ್ಮದೇ ಬೆಟ್ಟ" ಅಂತ ಬಾಯಲ್ಲಿ ಹೇಳುತ್ತೇವೆ, ಕಾಗದ ಹಾಗೆ ಹೇಳುವುದಿಲ್ಲ. ಅತಿಥಿಗಳನ್ನು ಅಲ್ಲಿಗೆ ಕರೆದುಕೊಂಡು ಹೋಗುವುದಿದ್ದರೂ ಇರುವ ಕಾಲುದಾರಿಯಲ್ಲಿ, ನಿಮ್ಮ ಜೊತೆಗೇ.

ತೋಟ ಸರಿಯಾಗಿದ್ದರೆ ತೋರಿಸುವುದು ತಾನಾಗಿ ಬರುತ್ತದೆ

ಪೇಟೆಯಿಂದ ಬಂದವರು ಮೊದಲ ಸಲ ಅಡಿಕೆ ತೋಟಕ್ಕೆ ಇಳಿದಾಗ ಬರೀ ಮರಗಳ ಸಾಲು ನೋಡುತ್ತಾರೆ. ಅದು ಹಾಗೆಯೇ ಇದ್ದರೆ, ಅಂದರೆ ಬರೀ ಅಡಿಕೆ ಬಿಟ್ಟು ನೆಲ ಬೋಳು ಬಿದ್ದಿದ್ದರೆ, ಅಲ್ಲಿ ಹಕ್ಕಿಯೂ ಇಲ್ಲ, ಹುಳವೂ ಇಲ್ಲ. ಮೆಣಸು, ಏಲಕ್ಕಿ, ಬಾಳೆ, ವೀಳ್ಯದೆಲೆ, ಜಾಯಿಕಾಯಿ ಎಲ್ಲ ಬೆರೆತ ತೋಟ, ಬೇಲಿಯಂಚಿನಲ್ಲಿ ಅತ್ತಿ, ಬಸರಿ, ರಾಮಪತ್ರೆ, ಮುರುಗಲು ಇರುವ ತೋಟ ಬೇರೆಯೇ. ಅತ್ತಿ ಜಾತಿಯ ಮರ ಹಣ್ಣು ಬಿಟ್ಟ ವಾರ ಮಂಗಟ್ಟೆ (ಹಾರ್ನ್‌ಬಿಲ್), ಪಿಕಳಾರ, ಹಸಿರು ಪಾರಿವಾಳ ಎಲ್ಲ ಅಲ್ಲೇ. ಹೀಗಾಗಿ ಹೋಂಸ್ಟೇಗೆ ಹಾಕುವ ದುಡ್ಡಿನಲ್ಲಿ ಮೊದಲ ಪಾಲು ಗಿಡಕ್ಕೆ ಹೋಗಲಿ. ಒಣಗಿ ಪೊಟರೆ ಬಿದ್ದ ಮರವನ್ನು, ದಾರಿಗೆ ಮನೆಗೆ ಅಪಾಯವಿಲ್ಲದಿದ್ದರೆ, ಕಡಿಯಬೇಡಿ. ಮರಕುಟಿಗ, ಗೂಬೆ, ಹಾರುವ ಅಳಿಲಿಗೆ ಅದೇ ಮನೆ.

ಕಳೆನಾಶಕ ಪೂರ್ತಿ ನಿಲ್ಲಿಸಿ. ಇದರಲ್ಲಿ ನಡುವಿನ ದಾರಿ ಅಂತ ನನಗೆ ಕಾಣುವುದಿಲ್ಲ. ಕಳೆ ಕೊಚ್ಚುವ ಮಷೀನಿನಲ್ಲಿ ಮಳೆಗಾಲದ ಕೊನೆಗೆ ಒಂದು ಸಲ, ಬೇಕಾದರೆ ನಡುವೆ ಇನ್ನೊಂದು ಸಲ ಸವರಿ ಅಲ್ಲೇ ಬಿಟ್ಟರೆ ಅದೇ ಮುಚ್ಚಿಗೆ. ಬುಡಕ್ಕೆ ಸೊಪ್ಪು, ದರಕು ದಪ್ಪಗೆ ಹಾಕಿದ ತೋಟದಲ್ಲಿ ಬೇಸಿಗೆಯ ನೀರೂ ಕಡಿಮೆ ಸಾಕು. ಆದರೆ ಬೆಟ್ಟವನ್ನು ಗುಡಿಸಿ ಬೋಳು ಮಾಡಬೇಡಿ. ಒಂದು ಭಾಗದ ದರಕು ಈ ವರ್ಷ, ಇನ್ನೊಂದು ಭಾಗದ್ದು ಮುಂದಿನ ವರ್ಷ. ಬೆಟ್ಟದ ನೆಲದಲ್ಲಿ ಎಲೆ ಉಳಿದರೆ ಮಳೆ ಅಲ್ಲೇ ಇಂಗುತ್ತದೆ, ನಿಮ್ಮ ಬಾವಿಯ ಒರತೆ ಬರುವುದೂ ಅಲ್ಲಿಂದಲೇ.

ಕೊಳೆಮದ್ದಿನ, ಅಂದರೆ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ವಿಷಯಕ್ಕೆ ಬರೋಣ. ಬೋರ್ಡೋ ಇಲ್ಲದೆ ಮಲೆನಾಡಿನಲ್ಲಿ ಅಡಿಕೆ ಉಳಿಸಿಕೊಳ್ಳುವುದು ಕಷ್ಟ, ಅದನ್ನು ಬಿಡಿ ಅಂತ ನಾನು ಹೇಳುವುದಿಲ್ಲ. ಸರಿಯಾಗಿ ಮಾಡಿ ಅಂತ ಹೇಳುತ್ತೇನೆ. 100 ಲೀಟರ್ ಮದ್ದಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಐವತ್ತೈವತ್ತು ಲೀಟರ್ ನೀರಿಗೆ ಕರಗಿಸಿ, ಸುಣ್ಣದ ತಿಳಿಗೆ ಮೈಲುತುತ್ತದ ನೀರನ್ನು ನಿಧಾನಕ್ಕೆ ಹೊಯ್ಯುತ್ತಾ ಕೋಲಿನಲ್ಲಿ ತಿರುವುತ್ತಿರಬೇಕು. ಆಮೇಲೆ ತೊಳೆದ ಕಬ್ಬಿಣದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದು ಅಂತ ಅರ್ಥ, ಕೆಂಪು ಬರದೇ ಇರುವವರೆಗೆ ಸುಣ್ಣದ ತಿಳಿ ಸೇರಿಸಿ. ಉಳಿದ ಮದ್ದನ್ನು, ಡ್ರಮ್ಮು ತೊಳೆದ ನೀರನ್ನು ಹಳ್ಳಕ್ಕೆ ಚೆಲ್ಲಲೇಬಾರದು. ಮೀನಿಗೆ, ಗೊದಮೊಟ್ಟೆಗೆ ತಾಮ್ರ ವಿಷ. ಮುಂಗಾರಿಗೆ ಮುಂಚೆ ಒಂದು ಸಲ, ನಲವತ್ತು-ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ ಮದ್ದು ಹೊಡೆಯುವ ದಿನಗಳಲ್ಲಿ ಬುಕಿಂಗ್ ತೆಗೆದುಕೊಳ್ಳಬೇಡಿ. ಮಳೆ ತಾಗದಂತೆ ಅಡಿಕೆ ಗೊನೆಗೆ ಕೊಟ್ಟೆ (ಪ್ಲಾಸ್ಟಿಕ್ ಹೊದಿಕೆ) ಕಟ್ಟಿದ್ದರೆ ಅದರ ಪ್ಲಾಸ್ಟಿಕ್ಕನ್ನು ಲೆಕ್ಕ ಇಟ್ಟು ವಾಪಸ್ ಇಳಿಸಿ. ತೋಟದಲ್ಲಿ ಹರಿದು ಬಿದ್ದ ಕೊಟ್ಟೆ ಚೂರುಗಳನ್ನು ನೋಡಿದ ಅತಿಥಿಗೆ ನೀವು ಯಾವ ಬಾಯಲ್ಲಿ ಪ್ಲಾಸ್ಟಿಕ್ ಬೇಡ ಅನ್ನುತ್ತೀರಿ?

ಬಚ್ಚಲು, ಶೌಚಾಲಯ, ಕಸ

ಯಾರೂ ಫೋಟೋ ತೆಗೆಯದ ಜಾಗ ಇದು, ಆದರೆ ನಿಮ್ಮ ಹೋಂಸ್ಟೇ ನಿಜವಾಗಿಯೂ ಪರಿಸರಕ್ಕೆ ಒಳ್ಳೆಯದೋ ಅಲ್ಲವೋ ಅಂತ ಗೊತ್ತಾಗುವುದು ಇಲ್ಲೇ. ಶೌಚದ ಗುಂಡಿ ಬಾವಿಯಿಂದ ಕನಿಷ್ಠ 15 ಮೀಟರ್ ದೂರ, ಇಳಿಜಾರಿನಲ್ಲಿ ಬಾವಿಗಿಂತ ಕೆಳಗೆ ಇರಲಿ. ಜಂಬಿಟ್ಟಿಗೆ ಮಣ್ಣಿನಲ್ಲಿ ನೀರು ಬೇಗ ಓಡುತ್ತದೆ, ಅಂಥ ಕಡೆ ಇನ್ನೂ ದೂರ ಹೋಗಿ. ಜೋಡಿ ಗುಂಡಿ ಒಳ್ಳೆಯದು. ಒಂದು ತುಂಬಿದ ಮೇಲೆ ಮುಚ್ಚಿ ಎರಡು ವರ್ಷ ಬಿಟ್ಟರೆ ಒಳಗಿರುವುದು ವಾಸನೆ ಇಲ್ಲದ ಗೊಬ್ಬರ. ಮಳೆಗಾಲದಲ್ಲಿ ನೆಲದ ನೀರು ಮೇಲೆ ಬರುವ ಗದ್ದೆಬದಿಯ ಜಾಗದಲ್ಲಿ ಮಾತ್ರ ಇದು ನಡೆಯುವುದಿಲ್ಲ, ಎತ್ತರದ ಜಾಗ ಹುಡುಕಿ. ಸೆಪ್ಟಿಕ್ ಟ್ಯಾಂಕಿನ ಉಕ್ಕಿದ ನೀರು ಹಳ್ಳಕ್ಕೆ ಹೋಗುವಂತೆ ಪೈಪು ಇಟ್ಟ ಹೋಂಸ್ಟೇಗಳಿವೆ. ಕೆಳಗಿನ ಊರಿನವರು ಅದೇ ಹಳ್ಳದ ನೀರು ಬಳಸುತ್ತಾರೆ ಅಲ್ವಾ?

ಬಚ್ಚಲ ನೀರಿಗೆ ಒಂದು ಸಣ್ಣ ಜಲ್ಲಿಗುಂಡಿ, ಅದರಾಚೆ ಬಾಳೆ, ಕೆಸು, ಕಾಬಾಳೆ. ಇಷ್ಟು ಸಾಕು. ಸಾಬೂನಿನ ಜಾಗದಲ್ಲಿ ಸೀಗೆ, ಅಂಟುವಾಳ ಇಡಿ, ಪಾತ್ರೆಗೆ ಬೂದಿ ಮತ್ತು ಅಂಟುವಾಳದ ನೀರು. ಬಿಸಿನೀರಿಗೆ ಸೋಲಾರ್ ಹೀಟರ್ ಹಾಕಿಸಿದರೂ ಜೂನ್-ಜುಲೈನಲ್ಲಿ ಅದನ್ನು ನಂಬಿ ಕೂರಲಾಗದು. ಒಣಗಿದ ಅಡಿಕೆ ಸಿಪ್ಪೆ, ಸೋಗೆ, ಹಾಳೆ ನಮ್ಮಲ್ಲಿ ರಾಶಿ ರಾಶಿ ಇರುತ್ತದೆ, ಹಂಡೆ ಒಲೆಗೆ ಅದೇ ಸೌದೆ. ಬೆಟ್ಟದ ಮರ ಮುಟ್ಟುವ ಅಗತ್ಯವಿಲ್ಲ. ಗೋಬರ್ ಗ್ಯಾಸ್ ಇದ್ದರೆ ಇನ್ನೂ ಒಳ್ಳೆಯದು, 2 ಘನ ಮೀಟರಿನದಕ್ಕೆ ದಿನಕ್ಕೆ 50 ಕಿಲೋ ಸಗಣಿ ಬೇಕು. ಮಲೆನಾಡು ಗಿಡ್ಡ ದನ ಚಿಕ್ಕದು, ಸಗಣಿಯೂ ಕಡಿಮೆ, ಎಷ್ಟು ದನ ಇವೆ ಅಂತ ನೋಡಿಕೊಂಡು ಗಾತ್ರ ಆರಿಸಿ.

ಕಸದಲ್ಲಿ ಅಡುಗೆಮನೆಯದ್ದು ಸಮಸ್ಯೆಯೇ ಅಲ್ಲ, ಗೊಬ್ಬರದ ಗುಂಡಿ ಇದೆ. ಬಾಟಲಿ, ಕುರುಕಲು ತಿಂಡಿಯ ಪೊಟ್ಟಣ, ಡೈಪರ್, ಪ್ಯಾಡ್, ಇವೇ ನಿಜವಾದ ತಲೆನೋವು. ತಂದ ಪ್ಲಾಸ್ಟಿಕ್ ವಾಪಸ್ ತೆಗೆದುಕೊಂಡು ಹೋಗಿ ಅಂತ ಬುಕಿಂಗ್ ಹೊತ್ತಿಗೇ ಹೇಳಿ, ಹೊರಡುವಾಗ ಒಂದು ಬಟ್ಟೆ ಚೀಲ ಕೊಡಿ. ಪ್ಯಾಡ್ ಹಾಕಲು ಬಚ್ಚಲಲ್ಲಿ ಮುಚ್ಚಳದ ಡಬ್ಬಿ, ಹಳೇ ಪೇಪರ್ ಇಡಿ. ಹೇಳಲು ಮುಜುಗರ ಅಂತ ಬಿಟ್ಟರೆ ಅದು ಶೌಚದ ಗುಂಡಿಗೆ ಹೋಗುತ್ತದೆ. ಪಂಚಾಯ್ತಿಯ ಒಣಕಸದ ಗಾಡಿ ಯಾವ ದಿನ ಎಲ್ಲಿಗೆ ಬರುತ್ತದೆ ವಿಚಾರಿಸಿ. ಒಡೆದ ಬಿಯರ್ ಬಾಟಲಿ ಬೆಟ್ಟದಲ್ಲಿ ಬಿದ್ದರೆ ದನದ ಕಾಲಿಗೂ ಕಾಡುಕೋಣದ ಕಾಲಿಗೂ ಚುಚ್ಚುತ್ತದೆ.

ಯಾವ ಕಾಲಕ್ಕೆ ಏನು ತೋರಿಸಬೇಕು

ಮಳೆಗಾಲ ನನಗೆ ತುಂಬಾ ಇಷ್ಟದ ಕಾಲ, ನಿಮ್ಮ ಅತಿಥಿಗಳಿಗೂ ಆಗುತ್ತದೆ, ತೋರಿಸಲು ಗೊತ್ತಿದ್ದರೆ. ಸಿದ್ದಾಪುರದ ಕತ್ತಲೆಕಾನಿನಂಥ ರಾಮಪತ್ರೆ ಜಡ್ಡಿಗಳ (ಕಾಡಿನ ಜೌಗು ಜಾಗಗಳ) ಸುತ್ತಮುತ್ತಲ ಹಳ್ಳಗಳಲ್ಲಿ ಕುಂಬಾರ ಕಪ್ಪೆ ಇದೆ. ವಿಜ್ಞಾನಿಗಳು ಅದಕ್ಕೆ ಈ ಹೆಸರು ಇಟ್ಟಿದ್ದು 2014ರಲ್ಲಿ. ರಾತ್ರಿ ನೀರಿನಂಚಿನಲ್ಲಿ ಟಕ್ ಟಕ್ ಅಂತ ಸದ್ದು ಕೇಳುತ್ತದೆ. ಹೆಣ್ಣು ಮೊಟ್ಟೆ ಇಟ್ಟು ಹೋದ ಮೇಲೆ ಗಂಡು ಹಳ್ಳದ ತಳದಿಂದ ಮುಂಗೈಯಲ್ಲಿ ಕೆಸರು ಎತ್ತಿ ಎತ್ತಿ ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಹೆಬ್ಬೆರಳ ಗಾತ್ರದ ಪ್ರಾಣಿ ಅಷ್ಟು ಕೆಲಸ ಮಾಡುವುದನ್ನು ನೋಡಿದ ಮೇಲೆ ಮಕ್ಕಳು ಫೋನ್ ಕೇಳುವುದಿಲ್ಲ. ಆದರೆ ಹಳ್ಳಕ್ಕೆ ಇಳಿಯಬಾರದು, ದಂಡೆಯ ಮೇಲೆ ನಿಂತೇ ನೋಡಬೇಕು. ಟಾರ್ಚಿನ ಬೆಳಕನ್ನು ಕಪ್ಪೆಯ ಮೇಲೆ ನೇರ ಹಿಡಿದುಕೊಂಡೇ ಇರಬಾರದು. ಸೊಳ್ಳೆ ಕ್ರೀಮು, ಸ್ಯಾನಿಟೈಸರ್ ಹಚ್ಚಿದ ಕೈಯಲ್ಲಿ ಕಪ್ಪೆ ಮುಟ್ಟಿದರೆ ಅದರ ಚರ್ಮ ಆ ರಾಸಾಯನಿಕವನ್ನು ಹೀರಿಕೊಳ್ಳುತ್ತದೆ. ರಾತ್ರಿ ನಡಿಗೆಗೆ ಆರಕ್ಕಿಂತ ಜಾಸ್ತಿ ಜನ ಬೇಡ.

ಮೇ ಕೊನೆ, ಜೂನ್ ಶುರುವಿನಲ್ಲಿ ಮಿಂಚುಹುಳ. ಅದನ್ನು ತೋರಿಸಲು ಮಾಡಬೇಕಾದ್ದು ಒಂದೇ ಕೆಲಸ, ದೀಪ ಆರಿಸುವುದು. ಅಂಗಳದ ಬಿಳಿ ಎಲ್‌ಇಡಿ ತೆಗೆದು ಕೆಳಮುಖವಾದ ಹಳದಿ ದೀಪ ಹಾಕಿ, ಊಟ ಮುಗಿದ ಮೇಲೆ ಅದನ್ನೂ ಆರಿಸಿ. ಹುಳಗಳು ಜೋಡಿ ಹುಡುಕುವುದೇ ಬೆಳಕಿನಿಂದ. ನಾವು ಬೆಳಕು ಚೆಲ್ಲಿದರೆ ಅವಕ್ಕೆ ಒಂದಕ್ಕೊಂದು ಕಾಣುವುದಿಲ್ಲ.

ನವೆಂಬರಿನಿಂದ ಫೆಬ್ರವರಿವರೆಗೆ ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವ ಕಾಲ. ಇದನ್ನು "ಆಕ್ಟಿವಿಟಿ" ಮಾಡಲು ಹೋಗಬೇಡಿ, ನಡೆಯುವ ಹಾಗೆ ನಡೆಯಲಿ, ಅತಿಥಿ ಪಕ್ಕದಲ್ಲಿ ಕೂರಲಿ. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡರು ಒಂದು ಮರದಿಂದ ಇನ್ನೊಂದು ಮರಕ್ಕೆ ದಾಟುವುದು, ಕೆಳಗೆ ನಿಂತವರು ಹಗ್ಗದಲ್ಲಿ ಜಾರಿ ಬರುವ ಕೊನೆ ಹಿಡಿಯುವುದು, ರಾತ್ರಿ ಚಪ್ಪರದ ಕೆಳಗೆ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತು ಅಡಿಕೆ ಸುಲಿಯುವುದು, ಹಂಡೆಯಲ್ಲಿ ಅಡಿಕೆ ಬೇಯಿಸುವ ಚೊಗರು ಕುದಿಯುವ ವಾಸನೆ. ಶಿರಸಿ ಅಡಿಕೆಗೆ 2019ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದೆ ಅಂತ ಹೇಳುವುದಕ್ಕಿಂತ ಇದನ್ನು ಒಂದು ರಾತ್ರಿ ತೋರಿಸಿದರೆ ಜಾಸ್ತಿ ಅರ್ಥವಾಗುತ್ತದೆ. ಕುದಿಯುವ ಹಂಡೆಯ ಹತ್ತಿರ ಮಕ್ಕಳು ಬೇಡ. ಮರ ಹತ್ತುತ್ತೇನೆ ಅನ್ನುವವರಿಗೆ ಬೇಡ ಅಂತಲೇ ಹೇಳಿ.

ಜನವರಿಯಿಂದ ಮೇವರೆಗೆ ಮಂಗಟ್ಟೆ ಗೂಡು. ಹೆಣ್ಣು ಪೊಟರೆಯೊಳಗೆ ಕೂತು ಪೊಟರೆಯ ಬಾಯಿ ಮುಚ್ಚಿಕೊಂಡು ಒಂದು ಸೀಳು ಮಾತ್ರ ಬಿಟ್ಟಿರುತ್ತದೆ. ಅದಕ್ಕೂ ಮರಿಗೂ ಊಟ ಬರುವುದು ಗಂಡಿನಿಂದಲೇ. ನಾಲ್ಕು ಜನ ಕ್ಯಾಮೆರಾ ಹಿಡಿದು ಮರದ ಬುಡದಲ್ಲಿ ನಿಂತರೆ ಗಂಡು ದೂರದ ಕೊಂಬೆಯಲ್ಲಿ ಹಣ್ಣು ಹಿಡಿದುಕೊಂಡು ಕಾಯುತ್ತದೆ, ಕೊನೆಗೆ ವಾಪಸ್ ಹೋಗುತ್ತದೆ. ಒಳಗಿರುವುದಕ್ಕೆ ಉಪವಾಸ. ಅದೇ ಮರಕ್ಕೆ ವರ್ಷ ವರ್ಷ ಬರುವ ಹಕ್ಕಿ ಅದು, ಒಂದು ಸಲ ಬಿಟ್ಟು ಹೋದರೆ ನಿಮಗೂ ನಷ್ಟ. ಗೂಡಿನ ಜಾಗ ಯಾರಿಗೂ ಮೊದಲೇ ಹೇಳಬೇಡಿ, ಲೊಕೇಶನ್ ಹಾಕಲು ಬಿಡಬೇಡಿ, ದೂರದಲ್ಲಿ ಮರೆಯಿಂದ ಸ್ವಲ್ಪ ಹೊತ್ತು ತೋರಿಸಿ ಕರೆತನ್ನಿ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವ ಅಭ್ಯಾಸವನ್ನೂ ನಿಮ್ಮ ತೋಟದಲ್ಲಿ ನಿಲ್ಲಿಸಿ. ಜಗಲಿಯಲ್ಲಿ ಒಂದು ಪುಸ್ತಕ ಇಟ್ಟು ಕಂಡ ಹಕ್ಕಿಗಳನ್ನು ಬರೆಸಿ, ಹಕ್ಕಿ ದಾಖಲಿಸುವ ಇಬರ್ಡ್‌ ಜಾಲತಾಣಕ್ಕೂ ಹಾಕಿಸಿ. ಕೆಲವು ವರ್ಷವಾದ ಮೇಲೆ ನಿಮ್ಮ ತೋಟದಲ್ಲಿ ಏನು ಹೆಚ್ಚಾಯಿತು, ಏನು ಕಡಿಮೆಯಾಯಿತು ಅಂತ ಅದೇ ಹೇಳುತ್ತದೆ.

ಮಂಗಗಳಿಗೆ ಬಾಳೆಹಣ್ಣು ಕೊಡುವ ಅತಿಥಿಯನ್ನು ಕೂಡಲೇ ತಡೆಯಿರಿ. ಅವರು ನಾಳೆ ಹೋಗುತ್ತಾರೆ, ಮಂಗ ಇಡೀ ಊರಿನ ತೋಟಕ್ಕೆ ಬರುತ್ತದೆ.

ಅಪಾಯಗಳನ್ನು ಮುಚ್ಚಿಡಬೇಡಿ

ಉಂಬಳಕ್ಕೆ (ಜಿಗಣೆಗೆ) ಹೆದರಿ ಅಳುವವರೂ ಇರುತ್ತಾರೆ. ಬರುವ ಮುಂಚೆಯೇ ಹೇಳಿ, ಉದ್ದದ ಬಟ್ಟೆಯ ಕಾಲುಚೀಲ ಇಟ್ಟಿರಿ, ಕಚ್ಚಿದರೆ ಕಿತ್ತೆಳೆಯಬಾರದು, ಉಗುರಿನಿಂದ ಮೆಲ್ಲಗೆ ಜಾರಿಸಬೇಕು ಅಂತ ತೋರಿಸಿಕೊಡಿ.

ಹಾವಿನ ವಿಷಯದಲ್ಲಿ ಎರಡು ಮಾತು. ಕಾಳಿಂಗ ಬಂದರೆ ಹಿಡಿಸಿ ಅತಿಥಿಗಳ ಮುಂದೆ ಪ್ರದರ್ಶನ ಮಾಡಿಸಬೇಡಿ. ನಮ್ಮ ಪಶ್ಚಿಮಘಟ್ಟದ ಕಾಳಿಂಗ ಬೇರೆಯೇ ಪ್ರಭೇದ ಅಂತ 2024ರಲ್ಲಿ ಗುರುತಿಸಿ, ಅದರ ವೈಜ್ಞಾನಿಕ ಹೆಸರಿಗೂ "ಕಾಳಿಂಗ" ಅಂತಲೇ ಇಟ್ಟಿದ್ದಾರೆ. ಅಷ್ಟು ಹೆಮ್ಮೆಯ ಪ್ರಾಣಿಗೆ ದಾರಿ ಬಿಟ್ಟು ದೂರ ನಿಂತರೆ ತಾನೇ ಹೋಗುತ್ತದೆ. ಎರಡನೆಯದು, ಹತ್ತಿರದ ಯಾವ ಆಸ್ಪತ್ರೆಯಲ್ಲಿ ಹಾವಿನ ವಿಷದ ಔಷಧಿ ನಿಜವಾಗಿಯೂ ಇದೆ ಅಂತ ವಿಚಾರಿಸಿ, ಆ ನಂಬರು, ರಾತ್ರಿ ಬರುವ ಗಾಡಿಯ ನಂಬರು ಕೋಣೆಯ ಗೋಡೆಗೆ ಅಂಟಿಸಿ. ನಮ್ಮಲ್ಲಿ ಸಿಗುವ ಔಷಧಿ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲದ ವಿಷಕ್ಕೆ ಮಾಡಿದ್ದು. ಕಾಳಿಂಗಕ್ಕಲ್ಲ. ಗಾಯ ಕೊಯ್ಯುವುದು, ಹಗ್ಗ ಬಿಗಿಯುವುದು, ನಾಟಿ ಮದ್ದಿಗೆ ಹೊತ್ತು ಕಳೆಯುವುದು ಯಾವುದೂ ಬೇಡ, ಅಲ್ಲಾಡಿಸದೆ ನೇರ ಆಸ್ಪತ್ರೆಗೆ. ಕತ್ತಲಾದ ಮೇಲೆ ಟಾರ್ಚು, ಗಂಬೂಟು ಇಲ್ಲದೆ ಯಾರೂ ಅಂಗಳ ದಾಟಬಾರದು.

ಮಂಗನ ಕಾಯಿಲೆ ಬಗ್ಗೆ ಹೋಂಸ್ಟೇಯವರು ಮಾತಾಡುವುದೇ ಇಲ್ಲ, ಬುಕಿಂಗ್ ಹೋಗುತ್ತದೆ ಅಂತ. ಮಾತಾಡಲೇಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಕಾಯಿಲೆ ಇದು, ಉಣುಗು (ರಕ್ತ ಹೀರುವ ಉಣ್ಣೆ) ಕಚ್ಚಿ ಬರುತ್ತದೆ, ಡಿಸೆಂಬರಿನಿಂದ ಮೇವರೆಗೆ ಜಾಸ್ತಿ. ನಿಮ್ಮ ಸುತ್ತ ಮಂಗ ಸತ್ತು ಬಿದ್ದ ಸುದ್ದಿ ಬಂದರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಿ, ಕಾಡಿನ ನಡಿಗೆ ಪೂರ್ತಿ ನಿಲ್ಲಿಸಿ, ಬರುವವರಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿ. ಉಳಿದ ದಿನಗಳಲ್ಲೂ ಆ ತಿಂಗಳುಗಳಲ್ಲಿ ಬೆಟ್ಟಕ್ಕೆ ಹೋಗುವವರಿಗೆ ಮೈತುಂಬಾ ಬಟ್ಟೆ, ಉಣುಗು ಕಚ್ಚದಂತೆ ಹಚ್ಚಲು ಆರೋಗ್ಯ ಕೇಂದ್ರದಲ್ಲಿ ಕೊಡುವ ಡೇಪಾ ಎಣ್ಣೆ, ವಾಪಸ್ ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆ ಬಿಸಿನೀರಿಗೆ. ಮನೆಗೆ ಹೋದ ಮೇಲೆ ಜ್ವರ ಬಂದರೆ ಮಲೆನಾಡಿಗೆ ಹೋಗಿದ್ದೆವು ಅಂತ ಡಾಕ್ಟರಿಗೆ ಹೇಳಲು ತಿಳಿಸಿ.

ಊಟ, ಮತ್ತು ಊಟ ಮಾಡುವವರ ಹಿಂದೆ ನಿಂತವರು

ಪನೀರ್ ಮಸಾಲ ಬೇಡ. ಒಂದೆಲಗದ ತಂಬುಳಿ, ಅಪ್ಪೆಹುಳಿ, ಮಳೆಗಾಲದಲ್ಲಿ ಮರಕೆಸುವಿನ ಪತ್ರೊಡೆ, ಬೇಸಿಗೆಯಲ್ಲಿ ಹಲಸಿನಕಾಯಿ ಪಲ್ಯ, ಮುರುಗಲ ಪಾನಕ, ಆಲೆಮನೆ ಹೊತ್ತಿಗೆ ಮಡಕೆ ಬೋರಲು ಹಾಕಿ ಹೊಯ್ಯುವ ತೊಡದೇವು. ಹಿತ್ತಲಲ್ಲಿ ಇರುವುದು, ಆ ತಿಂಗಳು ಸಿಗುವುದು. ಬಾಳೆಎಲೆ ಅಥವಾ ಹಾಳೆತಟ್ಟೆ, ಉಂಡ ಮೇಲೆ ಗೊಬ್ಬರಕ್ಕೆ. ಅಪ್ಪೆಮಿಡಿಯನ್ನು ಕೊಂಬೆ ಕಡಿದು ಉದುರಿಸಿ ತರುವವರಿಂದ ಕೊಳ್ಳಬೇಡಿ, ಹೊಳೆದಂಡೆಯ ಎಷ್ಟೋ ಒಳ್ಳೆಯ ಮರಗಳು ಹಾಗೇ ಹಾಳಾಗಿವೆ. ಮರ ಹತ್ತಿ ಕೊಯ್ದು ತರುವವರಿಗೆ ನಾಲ್ಕು ದುಡ್ಡು ಜಾಸ್ತಿ ಕೊಡಿ.

ಈ ಊಟವನ್ನೆಲ್ಲ ಮಾಡುವವರು ಯಾರು? ಹೆಚ್ಚಿನ ಕಡೆ ಮನೆಯ ಹೆಂಗಸರು. ಬೆಳಿಗ್ಗೆ ಐದಕ್ಕೆ ಎದ್ದು ಅತಿಥಿಗೆ ಕಷಾಯ, ತಿಂಡಿ, ನಡುವೆ ಕೊಟ್ಟಿಗೆ ಕೆಲಸ, ಹಾಸಿಗೆ ಒಗೆಯುವುದು, ರಾತ್ರಿ ಹತ್ತಕ್ಕೆ ಪಾತ್ರೆ. ದುಡ್ಡು ಮಾತ್ರ ಗಂಡನ ಫೋನಿಗೆ ಬರುತ್ತದೆ. ಇದು ನಡೆಯಬಾರದು. ಅಡುಗೆಗೆ ಇಷ್ಟು ಅಂತ ಸಂಬಳ ಲೆಕ್ಕ ಹಾಕಿ, ಅದನ್ನು ಅವರ ಖಾತೆಗೇ ಹಾಕಿ, ವಾರದಲ್ಲಿ ಎರಡು ದಿನ ಬುಕಿಂಗ್ ಇಲ್ಲದ ದಿನ ಅಂತ ಮಾಡಿ. ನಾಳೆ ಬೇಡ ಅಂತ ಹೇಳುವ ಹಕ್ಕೂ ಅವರಿಗೆ ಇರಬೇಕು. ಅಮ್ಮನ, ಹೆಂಡತಿಯ ಬೆನ್ನು ಮುರಿದು ನಡೆಯುವ ಹೋಂಸ್ಟೇಗೆ ಎಷ್ಟು ಗಿಡ ನೆಟ್ಟರೂ ಅದು ಬಹಳ ಕಾಲ ಬಾಳುವುದಿಲ್ಲ.

ಊರಿನವರಿಗೂ ಪಾಲು ಇರಲಿ. ಕಾಡು ಚೆನ್ನಾಗಿ ಗೊತ್ತಿರುವುದು ದನ ಕಾಯ್ದವರಿಗೆ, ಜೇನು ತೆಗೆಯುವವರಿಗೆ, ಕೊನೆಗೌಡರಿಗೆ. ನಡಿಗೆಗೆ ಅವರನ್ನೇ ಕರೆಯಿರಿ, ತೋಟದ ಕೂಲಿಗಿಂತ ಕಡಿಮೆ ಆಗದ ಹಾಗೆ ಕೊಡಿ. ತುಪ್ಪ, ಜೋನಿಬೆಲ್ಲ, ಹಲಸಿನ ಹಪ್ಪಳ, ಮಿಸ್ರಿ ಜೇನುತುಪ್ಪ ನೆರೆಮನೆಯವರದ್ದು ಮಾರಾಟಕ್ಕೆ ಇಡಿ, ಕಮಿಷನ್ ಇಟ್ಟುಕೊಳ್ಳಬೇಡಿ. ರಾತ್ರಿ ಜೋರು ಹಾಡು ಹಾಕಲು ಬಿಡಬೇಡಿ.

ಕಾಗದಪತ್ರ ಮತ್ತು ಬುಕಿಂಗ್

ಹೋಂಸ್ಟೇಯನ್ನು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಬೇಕು. ಮನೆಯವರು ಅಲ್ಲೇ ವಾಸ ಇರಬೇಕು, ಕೋಣೆಗಳಿಗೂ ಮಿತಿ ಇದೆ, ಈಗಿನ ನಿಯಮವನ್ನು ಜಿಲ್ಲಾ ಕಚೇರಿಯಲ್ಲೇ ಕೇಳಿ. ಗ್ರಾಮ ಪಂಚಾಯ್ತಿ, ಪೊಲೀಸ್ ಠಾಣೆಯ ಕಾಗದ ಬೇಕಾಗುತ್ತದೆ. ಊಟ ಕೊಡುವುದರಿಂದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಮಾಡಿಸಿ. ವಿದೇಶದವರು ಉಳಿದರೆ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಅವರ ವಿವರ ತುಂಬಬೇಕು, ಮರೆತರೆ ತೊಂದರೆ. ಕೃಷಿ ಜಮೀನಿನಲ್ಲಿ ಹೊಸ ಕಟ್ಟಡ ಎಬ್ಬಿಸುವ ಮುಂಚೆ ತಹಶೀಲ್ದಾರ್ ಕಚೇರಿಗೆ ಹೋಗಿ ಬನ್ನಿ. ಅಭಯಾರಣ್ಯದ ಪಕ್ಕ ಇದ್ದರೆ ಅರಣ್ಯ ಇಲಾಖೆಗೂ. ಕಾಡಿನೊಳಗಿನ ಚಾರಣಕ್ಕೆ ಅವರ ಅನುಮತಿ ಇಲ್ಲದೆ ಯಾರನ್ನೂ ಕರೆದೊಯ್ಯಬೇಡಿ.

ಬುಕಿಂಗನ್ನು ಆ್ಯಪಿಗೆ ಪೂರ್ತಿ ಬಿಟ್ಟುಕೊಡದೆ ಒಂದು ಸಲ ಫೋನಿನಲ್ಲಿ ಮಾತಾಡಿ. ನೆಟ್‌ವರ್ಕ್ ಇಲ್ಲ, ಕೊನೆಯ ದಾರಿ ಮಣ್ಣಿನದು, ಉಂಬಳ ಇದೆ, ಷವರ್ ಇಲ್ಲ, ಕುಡಿತಕ್ಕೆ ಅವಕಾಶ ಇಲ್ಲ, ನಾಯಿ ತರುವ ಹಾಗಿಲ್ಲ, ಹೀಗೆ ಇಲ್ಲದ್ದನ್ನೆಲ್ಲ ಮೊದಲು ಹೇಳಿ. "ಅಯ್ಯೋ, ಹಾಗಾದ್ರೆ ಬೇಡ" ಅಂದವರು ಬರದಿರುವುದೇ ಇಬ್ಬರಿಗೂ ಒಳ್ಳೆಯದು. ದರ ಕಟ್ಟುವಾಗ ಪಕ್ಕದವರ ದರ ನೋಡಿ ಇಳಿಸಲು ಹೋಗಬೇಡಿ. ಅಡುಗೆಯವರ ಸಂಬಳ, ನಡಿಗೆಯವರ ಕೂಲಿ, ಹಾಲು-ಅಕ್ಕಿ, ಒಗೆತ, ರಿಪೇರಿ, ವರ್ಷಕ್ಕೆ ನೆಡುವ ಗಿಡದ ಖರ್ಚು ಎಲ್ಲ ಸೇರಿಸಿ, ತಿಂಗಳಲ್ಲಿ ಅರ್ಧ ದಿನ ಖಾಲಿ ಇರುತ್ತದೆ ಅಂತ ಹಿಡಿದು ಲೆಕ್ಕ ಹಾಕಿ. ಬಂದ ಮೊತ್ತ ಹೆಚ್ಚು ಅನ್ನಿಸಿದರೂ ಅದನ್ನೇ ಹೇಳಿ, ಯಾಕೆ ಅಷ್ಟು ಅಂತ ವಿವರಿಸಿ. ಕೇಳಿಸಿಕೊಳ್ಳುವವರು ಇದ್ದಾರೆ.

ಮಳೆಗಾಲದಲ್ಲಿ ರೆಡ್ ಅಲರ್ಟ್ ಬಂದರೆ ಅವರು ಕೇಳುವ ಮುಂಚೆ ನೀವೇ ರದ್ದು ಮಾಡಿ, ಮುಂಗಡ ಪೂರ್ತಿ ವಾಪಸ್ ಹಾಕಿ. ಕಾಲುಸಂಕದ ಮೇಲೆ ನೀರು ಬಂದ ಮೇಲೆ ಚಿಕ್ಕ ಮಕ್ಕಳನ್ನು ದಾಟಿಸುವ ಪರಿಸ್ಥಿತಿ ಯಾರಿಗೂ ಬೇಡ.